ಮ್ಯಾಟಿ ಬಿಟ್ಟು ಬೇರೆ ಬಟ್ಟೆಗೆ: ಕ್ರಾಸ್ ಸ್ಟಿಚ್‌ಗೆ ಮುನ್ನ ಅಂಗೈಯಗಲದ ಒಂದು ಪರೀಕ್ಷೆ

ಹಾಸನ, ಬೇಲೂರು, ಚಿಕ್ಕಮಗಳೂರಿನ ಕಡೆ ಕ್ರಾಸ್ ಸ್ಟಿಚ್, ಅಂದರೆ ದಾರವನ್ನು × ಆಕಾರದಲ್ಲಿ ಹಾಕುವ ಹೊಲಿಗೆ, ಕಲಿತವರಲ್ಲಿ ಹೆಚ್ಚಿನವರು ಮೊದಲ ಸೂಜಿ ಹಾಕಿದ್ದು ಮ್ಯಾಟಿ ಬಟ್ಟೆಯ ಮೇಲೆ. ಅದು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ತೂತುಗಳು ಬರಿಗಣ್ಣಿಗೆ ಕಾಣುತ್ತವೆ, ಲೆಕ್ಕ ತಪ್ಪುವುದೂ ಕಡಿಮೆ. ಸ್ವಲ್ಪ ಕೈ ಪಳಗಿದ ಮೇಲೆ ಐಡಾ ಬಟ್ಟೆಯನ್ನು ತರಿಸಿಕೊಂಡವರೂ ಇದ್ದಾರೆ. ಅದೂ ನೂಲುಗಳನ್ನು ಕಂತೆಯಾಗಿ ಸೇರಿಸಿ, ಚೌಕಗಳು ಎದ್ದು ಕಾಣುವಂತೆ ನೇಯ್ದ ಬಟ್ಟೆಯೇ. ಇವೆರಡರ ಮೇಲೆ ನಾಲ್ಕಾರು ವರ್ಷ ಹೊಲಿದವರಿಗೆ ಒಂದಲ್ಲ ಒಂದು ದಿನ ಲಿನನ್, ಕೈಮಗ್ಗದ ಹತ್ತಿ, ಖಾದಿ, ಕೊನೆಗೆ ಕಾಫಿ ತುಂಬುವ ಗೋಣಿಯ ಮೇಲೂ ಕಣ್ಣು ಬೀಳುತ್ತದೆ. ಆ ದಿನ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸ ಬಟ್ಟೆಯ ಮೇಲೆ ನೇರವಾಗಿ ದೊಡ್ಡ ಚಿತ್ತಾರಕ್ಕೆ ಕೈ ಹಾಕಬಾರದು, ಒಗೆದು, ಎಣಿಸಿ, ಅಂಗೈಯಗಲದ ಒಂದು ತುಂಡಿನ ಮೇಲೆ ಹೊಲಿದು, ಬಿಚ್ಚಿ, ಮತ್ತೆ ಒಗೆದು ನೋಡಿದ ಮೇಲೆಯೇ ಕತ್ತರಿ ಹಿಡಿಯಬೇಕು.

ಇಷ್ಟು ಒತ್ತಿ ಹೇಳಲು ನನ್ನದೇ ಅನುಭವ ಕಾರಣ. ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ಕಂಡ ಕೆನೆಬಣ್ಣದ ಕೈಮಗ್ಗದ ಬಟ್ಟೆಗೆ ಮನಸೋತು ಒಂದು ಮೀಟರ್ ತಂದೆ. 120 ಮನೆ (ನಕ್ಷೆಯ ಚೌಕ) ಅಗಲ, 120 ಮನೆ ಎತ್ತರದ ದುಂಡನೆಯ ಕಮಲವನ್ನು ಅದರ ಮೇಲೆ ಹೊಲಿಯಲು ಕೂತೆ. ಒಂದು ಮಳೆಗಾಲ ಪೂರ್ತಿ ಕೂತು ಮುಗಿಸಿ, ಇಸ್ತ್ರಿ ಮಾಡಿ ಮೇಜಿನ ಮೇಲೆ ಹಾಸಿದಾಗ ನಮ್ಮ ಅತ್ತಿಗೆ, “ಹೂವು ಚೆನ್ನಾಗೇ ಇದೆ ಕಣೆ, ಆದರೆ ಕೋಳಿಮೊಟ್ಟೆ ಥರ ಉದ್ದಕ್ಕೆ ಹೋಗಿದೆಯಲ್ಲ” ಎಂದರು. ಸ್ಕೇಲು ಹಿಡಿದು ನೋಡಿದರೆ ಅಗಲ 9.2 ಇಂಚು, ಎತ್ತರ 10.9 ಇಂಚು. ಬಟ್ಟೆಯಲ್ಲಿ ಒಂದು ಇಂಚಿಗೆ ನಿಂತ ನೂಲು 26, ಅಡ್ಡ ನೂಲು 22 ಇದ್ದವು. ಹೊಲಿಯುವ ಮುನ್ನ ಐದು ನಿಮಿಷ ಎಣಿಸಿದ್ದರೆ ಗೊತ್ತಾಗುತ್ತಿದ್ದ ಸಂಗತಿ, ಮೂರು ತಿಂಗಳ ಕೆಲಸ ಮುಗಿದ ಮೇಲೆ ಗೊತ್ತಾಯಿತು. ನೇಕಾರರದ್ದಾಗಲಿ ಅಂಗಡಿಯವರದ್ದಾಗಲಿ ತಪ್ಪೇನೂ ಇರಲಿಲ್ಲ. ಆ ಬಟ್ಟೆಯನ್ನು ನೇಯ್ದದ್ದು ಜುಬ್ಬಾ ಹೊಲಿಸಲಿಕ್ಕೆ, ಎಣಿಸಲಿಕ್ಕಲ್ಲ.

ಮುಂದೆ ಗೊಂದಲವಾಗದಂತೆ ಎರಡು ಪದಗಳನ್ನು ಈಗಲೇ ಬೇರೆ ಮಾಡಿಕೊಳ್ಳೋಣ. ಬಟ್ಟೆಯಲ್ಲಿ ನೇಯ್ದಿರುವುದನ್ನು ‘ನೂಲು’ ಎಂದೂ, ಸೂಜಿಗೆ ಪೋಣಿಸುವ ದಾರದಲ್ಲಿ ಬಿಡಿಸಿಕೊಳ್ಳುವುದನ್ನು ‘ಎಳೆ’ ಎಂದೂ ಕರೆಯುತ್ತೇನೆ. ನಕ್ಷೆಯ ಒಂದು ಚೌಕಕ್ಕೆ ಚೌಕಾಬಾರದಲ್ಲಿ ಹೇಳುವಂತೆ ‘ಮನೆ’ ಎಂದರೆ ಸಾಕು.

ಬಟ್ಟೆಯನ್ನು ಗುರುತಿಸುವುದು

ಕ್ರಾಸ್ ಸ್ಟಿಚ್‌ಗೆ ಒಗ್ಗುವ ಬಟ್ಟೆಯಲ್ಲಿ ಹಾಸು (ಉದ್ದದ ನೂಲು) ಹೊಕ್ಕುಗಳು (ಅಡ್ಡ ನೂಲು) ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯುವ ಸಾದಾ ನೇಯ್ಗೆ ಇರಬೇಕು, ನೂಲು ಕಣ್ಣಿಗೆ ಬೇರೆ ಬೇರೆಯಾಗಿ ಕಾಣಬೇಕು, ಇಂಚಿಗೆ ಹಾಸು ಎಷ್ಟೋ ಹೊಕ್ಕೂ ಅಷ್ಟೇ ಇರಬೇಕು. ಹೀಗೆ ಎರಡೂ ಕಡೆ ಸಮ ಇರುವ ಬಟ್ಟೆಯನ್ನು ಹೊಲಿಗೆಯವರು ಈವನ್‌ವೀವ್ ಎನ್ನುತ್ತಾರೆ. ಕಸೂತಿಗೆಂದೇ ತಯಾರಾದ ಲಿನನ್ ಮತ್ತು ಹತ್ತಿಯ ಈವನ್‌ವೀವ್‌ಗಳ ಮೇಲೆ 25, 28, 32 ಎಂಬ ಸಂಖ್ಯೆ ಇರುತ್ತದೆ. ಅದು ಒಂದು ಇಂಚಿನಲ್ಲಿರುವ ನೂಲುಗಳ ಸಂಖ್ಯೆ. ಊರಿನ ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಲಿನನ್‌ಗೆ ಅಂಥ ಸಂಖ್ಯೆ ಇರುವುದಿಲ್ಲ. ಅದು ಷರಟಿಗೆಂದು ಬಂದ ಬಟ್ಟೆ, ಬಹಳ ಸಲ ನೂಲು ಎಣಿಸಲಾಗದಷ್ಟು ಸಣ್ಣದಾಗಿರುತ್ತದೆ. ಪರದೆಗೆ, ಮೇಜುಹೊದಿಕೆಗೆ ಎಂದು ಇಟ್ಟಿರುವ ದಪ್ಪ ನೂಲಿನ ಬಟ್ಟೆಯ ಕಡೆ ಹೋಗುವುದು ಲೇಸು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಮೂರು. ಬಟ್ಟೆಯನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡಬೇಕು. ನೂಲುಗಳ ನಡುವೆ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಎಣಿಸಲು ಸಾಧ್ಯ, ಬರದಿದ್ದರೆ ಬಿಟ್ಟುಬಿಡಿ. ಆಮೇಲೆ ಎರಡು ಹೆಬ್ಬೆರಳುಗಳಿಂದ ಬಟ್ಟೆಯನ್ನು ಒತ್ತಿ ಅತ್ತಿತ್ತ ಜರುಗಿಸಬೇಕು. ನೂಲುಗಳು ಸರಿದು ಕಿಂಡಿಯಾಗಿ ಹಾಗೆಯೇ ಉಳಿದರೆ ನೇಯ್ಗೆ ತೀರಾ ಸಡಿಲವೆಂದು ಅರ್ಥ. ಕೊನೆಗೆ, ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದು, ಪಕ್ಕದಲ್ಲಿ ಸ್ಕೇಲು ಇಟ್ಟು ಒಂದು ಚಿತ್ರ ತೆಗೆದುಕೊಂಡರೆ ಅಲ್ಲಿಯೇ ದೊಡ್ಡದು ಮಾಡಿ ಎಣಿಸಬಹುದು. ಸ್ಕೇಲು ಹಿಡಿದು ಬಟ್ಟೆ ಕೊಳ್ಳಲು ಬಂದವರನ್ನು ಅಂಗಡಿಯವರು ಮೊದಲ ಸಲ ವಿಚಿತ್ರವಾಗಿ ನೋಡುತ್ತಾರೆ, ಎರಡನೆಯ ಸಲಕ್ಕೆ ತಾವೇ ಸ್ಕೇಲು ಕೊಡುತ್ತಾರೆ.

ಯಾವ ನಾರಿನ ಬಟ್ಟೆ ಎಂಬ ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಅಂಚಿನಿಂದ ಒಂದು ನೂಲು ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಬಹುದು. ಹತ್ತಿ ಮತ್ತು ಲಿನನ್ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯ ಮೇಲೆ ಹೊಲಿಯಬಾರದೆಂದೇನೂ ಇಲ್ಲ, ಆದರೆ ಇಸ್ತ್ರಿಯ ಬಿಸಿ ಕಡಿಮೆ ಇಡಬೇಕೆಂಬುದು ಮೊದಲೇ ತಿಳಿದಿರಬೇಕು. ಮೊದಲ ಸಲಕ್ಕೆ ಅರ್ಧ ಮೀಟರ್‌ಗಿಂತ ಹೆಚ್ಚು ಕೊಳ್ಳಬೇಡಿ.

ಮೊದಲು ನೀರಿಗೆ, ಆಮೇಲೆ ಲೆಕ್ಕಕ್ಕೆ

ಅಂಗಡಿಯ ಬಟ್ಟೆಗೆ ಗಂಜಿ ಇರುತ್ತದೆ. ಗಂಜಿ ಇರುವಾಗ ಗಟ್ಟಿಯಾಗಿ, ಸಮವಾಗಿ ಕಾಣುವ ಬಟ್ಟೆ ಒಗೆದ ಮೇಲೆ ಬೇರೆಯೇ ಆಗಿಬಿಡಬಹುದು. ಆದ್ದರಿಂದ ಎಣಿಕೆಯನ್ನು ನಂಬುವ ಮುನ್ನ ಬಟ್ಟೆಯನ್ನು ಒಮ್ಮೆ ನೆನೆಸಲೇಬೇಕು. ಅರ್ಧ ಮೀಟರ್ ತುಂಡಿನ ನಡುವೆ ಬಣ್ಣದ ದಾರದಿಂದ ಉದ್ದಕ್ಕೆ 10 ಇಂಚು, ಅಗಲಕ್ಕೆ 10 ಇಂಚು ಅಳೆದು ನಾಲ್ಕು ಕಡೆ ಗುರುತಿನ ಹೊಲಿಗೆ ಹಾಕಿ. ಅಂಚು ಬಿಚ್ಚಿಕೊಳ್ಳದಂತೆ ಸುತ್ತ ಮಿಷನ್ನಿನಲ್ಲಿ ಅಂಕುಡೊಂಕು ಹೊಲಿಗೆಯನ್ನೋ, ಕೈಯಲ್ಲಿ ಸುತ್ತು ಹೊಲಿಗೆಯನ್ನೋ ಹಾಕಿ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಬೆಳಿಗ್ಗೆ ಹಿಂಡದೆ ನೀರು ಇಳಿಸಿ, ನೆರಳಿನಲ್ಲಿ ಆರಿಸಿ, ಇನ್ನೂ ತೇವವಿರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಈಗ ಆ 10 ಇಂಚು ಎಷ್ಟಾಗಿದೆ ಎಂದು ಮತ್ತೆ ಅಳೆಯಿರಿ. 9.5 ಆಗಿದ್ದರೆ ಬಟ್ಟೆ ನೂರಕ್ಕೆ 5ರಷ್ಟು ಕುಗ್ಗಿದೆ. ಅದನ್ನು ಹೊಲಿದ ಮೇಲೆ ಒಗೆದಿದ್ದರೆ ಬಟ್ಟೆ ಕುಗ್ಗಿ, ದಾರ ಕುಗ್ಗದೆ, ಚಿತ್ತಾರದ ಸುತ್ತ ಸುಕ್ಕು ಕೂತುಬಿಡುತ್ತಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಈ ಕೆಲಸಕ್ಕೆ ಸ್ವಲ್ಪ ಎಚ್ಚರ ಬೇಕು. ಚಿಕ್ಕಮಗಳೂರಿನಿಂದ ಆಚೆಗೆ, ಮೂಡಿಗೆರೆ, ಸಕಲೇಶಪುರದ ಕಡೆ ಆ ತಿಂಗಳುಗಳಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರುವುದಿಲ್ಲ. ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿ ಆರಿಸುವ ರೂಢಿ ದಿನದ ಬಟ್ಟೆಗಳಿಗೆ ಸರಿ. ಹೊಲಿಗೆಯ ಬಟ್ಟೆಗೆ ಬೇಡ, ಹೊಗೆಯ ವಾಸನೆಯೂ ಹಳದಿ ಛಾಯೆಯೂ ಹತ್ತುತ್ತವೆ. ಒಣ ಟವೆಲಿನ ಮೇಲೆ ಹಾಸಿ, ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಹರಡಿ, ಆರೆಂಟು ಗಂಟೆಯೊಳಗೆ ಇಸ್ತ್ರಿಯಲ್ಲೇ ಪೂರ್ತಿ ಆರಿಸಿಬಿಡುವುದು ಒಳ್ಳೆಯದು. ಮಡಿಚಿಟ್ಟ ತೇವದ ಲಿನನ್‌ಗೆ ಬೂಷ್ಟು ಹಿಡಿದರೆ ಕಪ್ಪು ಚುಕ್ಕೆಗಳು ಹೋಗುವುದೇ ಇಲ್ಲ.

ಒಗೆದು ಆರಿದ ಮೇಲೆ ಎಣಿಕೆ. ದಪ್ಪ ಕಾಗದದಲ್ಲಿ ಸರಿಯಾಗಿ 2 ಇಂಚಿನ ಚೌಕ ಕಿಂಡಿಯನ್ನು ಕತ್ತರಿಸಿ ಬಟ್ಟೆಯ ಮೇಲಿಡಿ. ಬಟ್ಟೆಯ ಗಟ್ಟಿ ಅಂಚು ನಿಮ್ಮ ಎಡಕ್ಕಿರಲಿ. ಆಗ ನಿಂತ ನೂಲುಗಳು ಹಾಸು, ಅಡ್ಡ ನೂಲುಗಳು ಹೊಕ್ಕು. ಸೂಜಿಯ ಮೊನೆಯಿಂದ ಒಂದೊಂದೇ ನೂಲನ್ನು ಮುಟ್ಟುತ್ತ, ಹತ್ತಕ್ಕೊಂದು ಗುಂಡುಸೂಜಿ ಚುಚ್ಚುತ್ತ ಹಾಸು ಎಣಿಸಿ, ಎರಡರಿಂದ ಭಾಗಿಸಿ. ಹೊಕ್ಕನ್ನೂ ಹಾಗೆಯೇ. ಒಂದೇ ಇಂಚನ್ನು ಎಣಿಸಿದರೆ ಅರ್ಧ ನೂಲಿನ ತಪ್ಪು ಸುಲಭವಾಗಿ ನುಸುಳುತ್ತದೆ, ಅದಕ್ಕಾಗಿ ಎರಡು ಇಂಚು. ಕೈಮಗ್ಗದ ಬಟ್ಟೆಯಾದರೆ ಒಂದೇ ಕಡೆ ಎಣಿಸಿ ಸುಮ್ಮನಾಗಬೇಡಿ, ಮೂರು ಕಡೆ ಎಣಿಸಿ. ನೇಯುವವರ ಕೈಯ ಹೊಡೆತ ಬದಲಾದಂತೆ ಹೊಕ್ಕಿನ ಸಂಖ್ಯೆ ಒಂದೇ ಥಾನಿನಲ್ಲಿ ಏರಿಳಿಯುತ್ತದೆ. ಇಷ್ಟು ದಿನ ಎಣಿಸದೆ ನಂಬಿದ್ದ ಮ್ಯಾಟಿಯನ್ನೂ ಒಮ್ಮೆ ಎರಡೂ ಕಡೆ ಎಣಿಸಿ ನೋಡಿ, ಹಳೆಯ ಕೆಲವು ಅನುಮಾನಗಳು ಪರಿಹಾರವಾಗಬಹುದು.

ಇನ್ನು ಗಣಿತ. ಈವನ್‌ವೀವ್ ಮೇಲೆ ಸಾಮಾನ್ಯವಾಗಿ ಎರಡು ನೂಲುಗಳಿಗೆ ಒಂದು ಹೊಲಿಗೆ ಹಾಕುತ್ತಾರೆ. ಹಾಗಾಗಿ 28 ನೂಲಿನ ಬಟ್ಟೆ ಇಂಚಿಗೆ 14 ಹೊಲಿಗೆ ಕೊಡುತ್ತದೆ, ಅಂದರೆ 14ರ ಐಡಾ ಕೊಡುವಷ್ಟೇ. 32ರದ್ದು 16, 25ರದ್ದು ಹನ್ನೆರಡೂವರೆ. 140 ಮನೆಯ ಚಿತ್ತಾರ 28ರ ಮೇಲೆ 10 ಇಂಚು, 32ರ ಮೇಲೆ 8.75 ಇಂಚು, 25ರ ಮೇಲೆ 11.2 ಇಂಚು ಆಗುತ್ತದೆ. ಇದಕ್ಕೆ ಪ್ರತಿ ಬದಿಗೆ 3 ಇಂಚು ಬಿಡುವು ಸೇರಿಸಿ. ಚೌಕಟ್ಟು ಹಾಕಿಸುವುದಾದರೆ ಈ ಬಿಡುವಿನಲ್ಲಿ ಜಿಪುಣತನ ಮಾಡಲೇಬಾರದು, ಫ್ರೇಮಿನವರು ಬಟ್ಟೆಯನ್ನು ಹಿಂದಕ್ಕೆ ಎಳೆದು ಕಟ್ಟಲು ಅದು ಬೇಕು. ಹಾಸು ಹೊಕ್ಕಿನ ಸಂಖ್ಯೆ ಬೇರೆ ಬೇರೆ ಬಂದರೆ ಲೆಕ್ಕವನ್ನೂ ಬೇರೆ ಬೇರೆಯಾಗಿ ಮಾಡಬೇಕು: ಚಿತ್ತಾರದ ಅಗಲಕ್ಕೆ ಹಾಸಿನ ಸಂಖ್ಯೆ, ಎತ್ತರಕ್ಕೆ ಹೊಕ್ಕಿನ ಸಂಖ್ಯೆ. ನನ್ನ ಕಮಲ ಮೊಟ್ಟೆಯಾದದ್ದು ಹೀಗೆ, ಇಂಚಿಗೆ ಅಗಲದಲ್ಲಿ 13 ಹೊಲಿಗೆ, ಎತ್ತರದಲ್ಲಿ 11.

ವ್ಯತ್ಯಾಸ ಇಂಚಿಗೆ ಒಂದು ನೂಲಿನಷ್ಟಿದ್ದರೆ ಎಲೆ, ಬಳ್ಳಿ, ಹಕ್ಕಿಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿದ್ದರೆ ವೃತ್ತ, ಚೌಕ, ನಕ್ಷತ್ರ, ಮನುಷ್ಯರ ಮುಖ ಇವನ್ನು ಆ ಬಟ್ಟೆಯ ಮೇಲೆ ಹೊಲಿಯುವ ಆಸೆ ಬಿಡಬೇಕು. ಒಂದೇ ದಿಕ್ಕಿಗೆ ಓಡುವ ಅಂಚುಗಳಿಗೆ ಅದು ಧಾರಾಳವಾಗಿ ಸಾಕು. ಕಿಟಕಿ ಪರದೆಯ ಕೆಳ ಅಂಚು, ಟವೆಲಿನ ಪಟ್ಟಿ, ದಿಂಬಿನ ಚೀಲದ ಬಾಯಿ, ಇವುಗಳಲ್ಲಿ ಯಾರೂ ಸ್ಕೇಲು ಹಿಡಿದು ಅಗಲ ಎತ್ತರ ನೋಡುವುದಿಲ್ಲ.

ಪರೀಕ್ಷೆಯ ತುಂಡು

ಈಗ ಅದೇ ಬಟ್ಟೆಯ ಮೂಲೆಯಿಂದ 6 ಇಂಚಿನ ಚೌಕವೊಂದನ್ನು ತೆಗೆಯಿರಿ. ಕತ್ತರಿಸುವ ಗೆರೆಯ ಮೇಲೆ ಒಂದು ನೂಲನ್ನು ಸೂಜಿಯಿಂದ ಎತ್ತಿ ಮೆಲ್ಲಗೆ ಪೂರ್ತಿ ಎಳೆದು ತೆಗೆದರೆ ಅಲ್ಲಿ ಒಂದು ಸಣ್ಣ ಕಾಲುವೆ ಮೂಡುತ್ತದೆ, ಆ ಕಾಲುವೆಯ ಮೇಲೆ ಕತ್ತರಿ ಓಡಿಸಿದರೆ ತುಂಡು ನೇರವಾಗಿ ಬರುತ್ತದೆ. ಸೀಸದ ಕಡ್ಡಿಯ ಗೆರೆಗಿಂತ ಇದು ಎಷ್ಟೋ ಮೇಲು.

ಸೂಜಿ ಮೊಂಡು ಮೊನೆಯದ್ದೇ ಆಗಬೇಕು. ಚೂಪು ಮೊನೆಯ ಸೂಜಿ ನೂಲಿನ ನಡುವೆ ಹೋಗುವ ಬದಲು ನೂಲನ್ನೇ ಸೀಳಿಕೊಂಡು ಹೋಗುತ್ತದೆ, ಒಮ್ಮೆ ಸೀಳಿದ ನೂಲಿನ ಜಾಗದಲ್ಲಿ ಹೊಲಿಗೆ ಸೊಟ್ಟಗೆ ಕೂರುತ್ತದೆ. ಈ ಸೂಜಿಗಳನ್ನು ಟೇಪೆಸ್ಟ್ರಿ ಸೂಜಿ ಎಂದು ಕೇಳಿ. ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು. 14ರ ಐಡಾಗೆ 24ನೇ ಸಂಖ್ಯೆಯದ್ದು ಬಳಸುತ್ತಿದ್ದವರು 28 ಅಥವಾ 32ರ ಲಿನನ್‌ಗೆ 26ಕ್ಕೆ ಹೋಗಬೇಕು. ಒಂದೇ ನೂಲಿನ ಮೇಲೆ ಹೊಲಿಯುವ ಸೂಕ್ಷ್ಮ ಕೆಲಸಕ್ಕೆ 28.

ದಾರದ ಲಡಿಯಲ್ಲಿ 6 ಎಳೆಗಳಿರುತ್ತವೆ. ಎಷ್ಟು ಎಳೆ ಬೇಕೆಂಬುದನ್ನು ಬಟ್ಟೆಯೇ ಹೇಳಬೇಕು. ಪರೀಕ್ಷೆಯ ತುಂಡಿನಲ್ಲಿ ಮೊದಲು 5 ಮನೆಯ ಮೂರು ಚಿಕ್ಕ ಚೌಕಗಳನ್ನು ಪಕ್ಕಪಕ್ಕದಲ್ಲಿ ಹೊಲಿಯಿರಿ, ಒಂದು ಎಳೆಯಲ್ಲಿ ಒಂದು, ಎರಡರಲ್ಲಿ ಇನ್ನೊಂದು, ಮೂರರಲ್ಲಿ ಮತ್ತೊಂದು. ತೋಳಿನಷ್ಟು ದೂರ ಹಿಡಿದು ನೋಡಿದರೆ ಯಾವುದು ಬಟ್ಟೆಯನ್ನು ಮುಚ್ಚುತ್ತದೆ, ಯಾವುದು ಉಬ್ಬಿ ಒರಟಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. 28ರ ಮೇಲೆ ಎರಡು ಎಳೆ ನನಗೆ ಯಾವಾಗಲೂ ಒಪ್ಪಿದೆ. 25ರ ಮೇಲೆ ಗಾಢ ಬಣ್ಣಗಳಿಗೆ ಮೂರು ಬೇಕೆನಿಸಿದ್ದುಂಟು.

ಮೊದಲ ಹೊಲಿಗೆಯನ್ನು ಎಲ್ಲಿ ಹಾಕಬೇಕು ಎಂಬ ಮಾತಿಗೆ ಇಲ್ಲಿ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಮ್ಯಾಟಿಯಿಂದ ಬಂದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಲಿನನ್ನಿನ ಮೇಲೆ ಕಣ್ಣು ಹತ್ತಿರ ತಂದು ನೋಡಿ. ನೂಲುಗಳು ಕೂಡುವ ಪ್ರತಿ ಜಾಗದಲ್ಲಿ ಒಂದು ಕಡೆ ನಿಂತ ನೂಲು ಮೇಲಿದ್ದರೆ ಅದರ ಪಕ್ಕದ ಕೂಡುವಿಕೆಯಲ್ಲಿ ಅಡ್ಡ ನೂಲು ಮೇಲಿರುತ್ತದೆ, ಚದುರಂಗದ ಹಾಸಿನ ಕಪ್ಪು ಬಿಳುಪಿನಂತೆ. ಸೂಜಿ ಮೇಲೆ ಬರುವ ಮೊದಲ ತೂತು, ಅಂದರೆ ಹೊಲಿಗೆಯ ಎಡ ಕೆಳಮೂಲೆ, ಎಂಥದ್ದಿರಬೇಕೆಂದರೆ, ಅದಕ್ಕೆ ಒತ್ತಿಕೊಂಡು ಬಲಕ್ಕೆ ಮೇಲಿರುವ ಕೂಡುವಿಕೆಯಲ್ಲಿ ನಿಂತ ನೂಲು ಅಡ್ಡ ನೂಲಿನ ಮೇಲೆ ಹಾದಿರಬೇಕು. ಅಲ್ಲಿಂದ ಎರಡು ನೂಲು ಬಲಕ್ಕೆ, ಎರಡು ನೂಲು ಮೇಲಕ್ಕೆ ಎಣಿಸಿ ಸೂಜಿ ಇಳಿಸಿದರೆ, ನಿಮ್ಮ ದಾರಕ್ಕೆ ಎರಡು ಕಡೆಯೂ ನಿಂತ ನೂಲಿನ ಆಸರೆ ಸಿಗುತ್ತದೆ, ಅದು ಬಟ್ಟೆಯೊಳಗೆ ಜಾರಿ ಮರೆಯಾಗುವುದಿಲ್ಲ.

ಇದರಿಂದ ಇನ್ನೊಂದು ಲಾಭವೂ ಇದೆ. ಎರಡೆರಡು ನೂಲು ದಾಟುತ್ತ ಹೋದಷ್ಟು ಕಾಲ ಪ್ರತಿ ಹೊಲಿಗೆಯೂ ನಿಂತ ನೂಲಿನ ಪಕ್ಕದಲ್ಲೇ ಶುರುವಾಗುತ್ತದೆ. ಎಲ್ಲೋ ಮೈಮರೆತು ಮೂರು ನೂಲು ದಾಟಿದರೆ ಅಥವಾ ಒಂದೇ ದಾಟಿದರೆ, ಮುಂದಿನ ಹೊಲಿಗೆ ಅಡ್ಡ ನೂಲು ಮೇಲಿರುವ ಜಾಗಕ್ಕೆ ಬಂದು ನಿಲ್ಲುತ್ತದೆ. ಕಣ್ಣು ಅಭ್ಯಾಸವಾದ ಮೇಲೆ ನಕ್ಷೆ ನೋಡದೆಯೂ ತಪ್ಪು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಮ್ಯಾಟಿಯಲ್ಲಿ ಇಂಥ ಕಾವಲುಗಾರ ಇಲ್ಲ. ನಮ್ಮ ಧಾರವಾಡದ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ ಜೊತೆಗೆ ಮೆಂತ್ಯೆ ಎಂಬ ಹೊಲಿಗೆ ಇದೆಯಲ್ಲ, ಅದು ಕ್ರಾಸ್ ಸ್ಟಿಚ್ಚೇ. ಬಟ್ಟೆಯ ಮೇಲೆ ಗೆರೆ ಎಳೆಯದೆ ನೂಲು ಎಣಿಸಿಯೇ ಅದನ್ನು ಹಾಕುತ್ತಾರೆ. ಎಣಿಸಿ ಹೊಲಿಯುವುದು ನಮಗೆ ಹೊಸದಲ್ಲ, ಮ್ಯಾಟಿಯ ಸುಖಕ್ಕೆ ಒಗ್ಗಿ ಮರೆತಿದ್ದೇವೆ ಅಷ್ಟೇ.

ದಾರಕ್ಕೆ ಗಂಟು ಹಾಕಬೇಡಿ. ಲಿನನ್ ತೆಳುವಾದ್ದರಿಂದ ಗಂಟು ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ, ಸಡಿಲ ನೇಯ್ಗೆಯಾದರೆ ತೂತಿನಿಂದ ಹೊರಗೇ ಬಂದುಬಿಡುತ್ತದೆ. ಎರಡು ಎಳೆಯ ಹೊಲಿಗೆಗೆ ಒಂದು ಉದ್ದನೆಯ ಎಳೆಯನ್ನು ಮಧ್ಯಕ್ಕೆ ಮಡಿಚಿ, ಎರಡು ತುದಿಗಳನ್ನು ಸೂಜಿಗೆ ಪೋಣಿಸಿ, ಮೊದಲ ಅರ್ಧ ಹೊಲಿಗೆ ಹಾಕುವಾಗ ಹಿಂದಿನ ಕುಣಿಕೆಯೊಳಗೆ ಸೂಜಿ ತೂರಿಸಿ ಎಳೆದರೆ ದಾರ ತಾನೇ ಬಿಗಿಯುತ್ತದೆ. ಮುಗಿಸುವಾಗ ಅದೇ ಬಣ್ಣದ ನಾಲ್ಕೈದು ಹೊಲಿಗೆಗಳ ಅಡಿ ತೂರಿಸಿ ಕತ್ತರಿಸಿ. ಒಂದು ಜಾಗದಿಂದ ಇನ್ನೊಂದಕ್ಕೆ ಹಿಂದಿನಿಂದ ದಾರ ಹಾಯಿಸುವುದು ಮೂರು ನಾಲ್ಕು ಮನೆಗಳಿಗೆ ಮೀರಬಾರದು; ಕಪ್ಪು, ಕಡುಗೆಂಪು ದಾರವಾದರೆ ಅಷ್ಟೂ ಬೇಡ, ಬೆಳಕಿಗೆ ಹಿಡಿದಾಗ ಅದರ ನೆರಳು ಮುಂದೆ ಕಾಣುತ್ತದೆ.

ಪರೀಕ್ಷೆಗೆ ಹೊಲಿಯಬೇಕಾದ ಮುಖ್ಯ ಚಿತ್ತಾರ 20 ಮನೆಯ ಚೌಕದ ಗೆರೆ, ಅದರೊಳಗೆ ಒಂದು ವಜ್ರಾಕಾರ. ನಾನು ಇದನ್ನು ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಲ್ಲಿನ ಜಾಲಂಧ್ರಗಳಿಂದ ತೆಗೆದುಕೊಂಡೆ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಆ ಗುಡಿಯ ಕಿಟಕಿಗಳಲ್ಲಿ ಚೌಕ, ವಜ್ರದ ತೂತುಗಳು ಸಾಲುಸಾಲಾಗಿ ಇವೆ. ಎರಡು ಭೇಟಿಯಲ್ಲಿ ನಾಲ್ಕು ನಕ್ಷೆ ಗ್ರಾಫ್ ಕಾಗದಕ್ಕೆ ಇಳಿಸಿಕೊಳ್ಳಬಹುದು. ಜಾಲಿ ಚಿತ್ತಾರವನ್ನೇ ಆರಿಸಲು ಕಾರಣವೂ ಇದೆ. ಹೂವು ವಕ್ರವಾದರೂ ಹೂವೇ, ಆದರೆ ವಜ್ರ ವಕ್ರವಾದರೆ ಯಾರ ಕಣ್ಣಿಗಾದರೂ ಬೀಳುತ್ತದೆ. 28ರ ಬಟ್ಟೆಯ ಮೇಲೆ 20 ಮನೆ ಎಂದರೆ 1.43 ಇಂಚು; ಹೊಲಿದು ಮುಗಿಸಿ ಅಗಲ, ಎತ್ತರ ಎರಡನ್ನೂ ಮಿಲಿಮೀಟರಿನಲ್ಲಿ ಅಳೆದರೆ 36 ಮಿಲಿಮೀಟರ್ ಹತ್ತಿರ ಬರಬೇಕು. ಎರಡರ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಎಣಿಕೆ ಮರುಪರಿಶೀಲಿಸಿ.

ಅದರ ಕೆಳಗೆ ಒಂದೇ ನೂಲಿನ ಮೇಲೆ ಹತ್ತು ಹೊಲಿಗೆಗಳನ್ನು ಪ್ರಯತ್ನಿಸಿ. ಮುಖ, ಅಕ್ಷರ ಇಂಥ ಸಣ್ಣ ಭಾಗಗಳಿಗೆ ಇದು ಬೇಕಾಗುತ್ತದೆ. ಇಲ್ಲಿ ಸಾಲಿನ ಅರ್ಧ ಹೊಲಿಗೆಗಳನ್ನೆಲ್ಲ ಮೊದಲು ಹಾಕಿ ಆಮೇಲೆ ಹಿಂತಿರುಗುವ ನಮ್ಮ ರೂಢಿ ನಡೆಯುವುದಿಲ್ಲ, ದಾರ ನೂಲಿನ ಅಡಿಗೆ ಜಾರಿಹೋಗುತ್ತದೆ. ಒಂದೊಂದು ಹೊಲಿಗೆಯನ್ನೂ ಅಲ್ಲಲ್ಲೇ ಪೂರ್ತಿ ಮಾಡುತ್ತ ಸಾಗಬೇಕು.

ಕೈಯ ಬಿಗಿಯನ್ನೂ ಇದೇ ತುಂಡಿನಲ್ಲಿ ಗಮನಿಸಿ. ಗಟ್ಟಿ ಮ್ಯಾಟಿಯ ಮೇಲೆ ದಾರವನ್ನು ಜಗ್ಗಿ ಎಳೆಯುವವರಿಗೆ ಲಿನನ್ ತಕ್ಷಣ ಪಾಠ ಕಲಿಸುತ್ತದೆ. ಹೊಲಿಗೆಯ ನಾಲ್ಕು ಮೂಲೆಗಳಲ್ಲಿ ತೂತು ದೊಡ್ಡದಾಗಿ ಕಂಡರೆ ಎಳೆತ ಹೆಚ್ಚಾಗಿದೆ. ದಾರ ಬಟ್ಟೆಯ ಮೇಲೆ ಒರಗಬೇಕೇ ಹೊರತು ಅದನ್ನು ಕಚ್ಚಬಾರದು. ಬಟ್ಟೆಯನ್ನು ಬಿಗಿಹಿಡಿಯುವ ರಿಂಗಿಗೆ ಹಾಕುವುದಾದರೆ ಒಳ ಬಳೆಗೆ ಹತ್ತಿಯ ಪಟ್ಟಿ ಸುತ್ತಿ, ಬಟ್ಟೆಯನ್ನು ಸಮವಾಗಿ ಬಿಗಿದು, ಎದ್ದಾಗಲೆಲ್ಲ ಬಿಚ್ಚಿಡಿ. ರಿಂಗಿನ ಗುರುತು ಲಿನನ್ ಮೇಲೆ ವಾರಗಟ್ಟಲೆ ಉಳಿದರೆ ಹೋಗುವುದು ಕಷ್ಟ.

ಕೊನೆಗೆ, ಬೇಸರವೆನಿಸಿದರೂ ಬಿಡಬಾರದ ಎರಡು ಕೆಲಸ. ಹೊಲಿದದ್ದರಲ್ಲಿ ಅರ್ಧ ಸಾಲನ್ನು ಬಿಚ್ಚಿ ನೋಡಿ. ಬಿಚ್ಚಿದ ಜಾಗದಲ್ಲಿ ನೂಲುಗಳನ್ನು ಉಗುರಿನಿಂದ ಸವರಿ, ಸ್ವಲ್ಪ ನೀರು ಚಿಮುಕಿಸಿದರೆ ತೂತು ಮುಚ್ಚಿಕೊಳ್ಳುತ್ತದೆಯೇ? ಮುಚ್ಚಿಕೊಂಡರೆ ಆ ಬಟ್ಟೆ ನಿಮ್ಮ ತಪ್ಪುಗಳನ್ನು ಕ್ಷಮಿಸುತ್ತದೆ ಎಂದು ಧೈರ್ಯವಾಗಿ ದೊಡ್ಡ ಕೆಲಸಕ್ಕೆ ಹೋಗಬಹುದು. ಆಮೇಲೆ ದೊಡ್ಡ ಚಿತ್ತಾರಕ್ಕೆ ಬಳಸಲಿರುವ ಕೆಂಪು, ಕಪ್ಪು, ಕಡುನೀಲಿ ದಾರಗಳಿಂದ ನಾಲ್ಕು ನಾಲ್ಕು ಹೊಲಿಗೆ ಹಾಕಿ, ತುಂಡನ್ನು ತಣ್ಣೀರಿಗೆ ಸೋಪಿನ ಹನಿ ಹಾಕಿ ಒಗೆಯಿರಿ. ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸುತ್ತಲೇ ಇರಬೇಕು, ನಡುವೆ ಆರಲು ಬಿಡಬಾರದು, ಬಣ್ಣ ಬಿಡುತ್ತಿರುವ ಬಟ್ಟೆಗೆ ಇಸ್ತ್ರಿಯಂತೂ ತಾಗಿಸಲೇಬಾರದು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿಕೊಂಡು ಕೂತರೆ ಬಿಳಿ ಲಿನನ್ ತಿಳಿಗುಲಾಬಿಯಾಗುತ್ತದೆ.

ದೊಡ್ಡ ಬಟ್ಟೆಗೆ ಹೋಗುವಾಗ

ತುಂಡು ಪಾಸಾಯಿತು ಎಂದಿಟ್ಟುಕೊಳ್ಳೋಣ. ಈಗ ದೊಡ್ಡ ಬಟ್ಟೆಗೆ ಗಡಿ ಗೆರೆಗಳನ್ನು ಹಾಕಿಕೊಳ್ಳಬೇಕು. ಬಟ್ಟೆಯನ್ನು ನಾಲ್ಕಾಗಿ ಮಡಿಚಿ ನಡುಬಿಂದು ಗುರುತಿಸಿ, ಅಲ್ಲಿಂದ ಪ್ರತಿ 20 ನೂಲಿಗೊಂದರಂತೆ, ಅಂದರೆ 10 ಮನೆಗೊಂದರಂತೆ, ಉದ್ದಕ್ಕೂ ಅಡ್ಡಕ್ಕೂ ಟಾಕಿ ಹೊಲಿಗೆಯ ಸಾಲು ಹಾಕಿ. ನಕ್ಷೆಯಲ್ಲೂ ಹತ್ತು ಮನೆಗೊಂದು ದಪ್ಪ ಗೆರೆ ಇರುವುದರಿಂದ ಎರಡೂ ತಾಳೆಯಾಗುತ್ತವೆ. ಹೊಲಿಗೆ ದಾರ ಹಾಕಿದರೆ ಮೇಲಿನ ಹೊಲಿಗೆ ಅದನ್ನು ಚುಚ್ಚಿ ಹಿಡಿದುಕೊಂಡು, ಕೊನೆಯಲ್ಲಿ ಎಳೆದು ತೆಗೆಯುವಾಗ ಗೋಳಾಗುತ್ತದೆ. ಗಾಳಕ್ಕೆ ಕಟ್ಟುವ ಸಣ್ಣ ನೈಲಾನ್ ದಾರವಾದರೆ ಸೂಜಿ ಅದನ್ನು ಚುಚ್ಚಲಾರದು, ಕೆಲಸ ಮುಗಿದ ಮೇಲೆ ಸುಯ್ ಎಂದು ಹೊರಬರುತ್ತದೆ. ಗಡಿ ಹಾಕಲು ಒಂದು ದಿನ ಹಿಡಿಯುತ್ತದೆ. ಆ ಒಂದು ದಿನವನ್ನು ಉಳಿಸಿದವರು ಬಿಚ್ಚುವುದರಲ್ಲಿ ವಾರ ಕಳೆಯುತ್ತಾರೆ.

ಗಾಢ ಬಣ್ಣದ ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರಿ, ತೂತುಗಳು ಬೆಳ್ಳಗೆ ಹೊಳೆಯುತ್ತವೆ. ಮೋಡ ಕವಿದ ಆಷಾಢದ ಮಧ್ಯಾಹ್ನಗಳಲ್ಲಿ ಕಪ್ಪು ಲಿನನ್ ಮುಟ್ಟದಿರುವುದೇ ಕ್ಷೇಮ.

ಗೋಣಿ ಮತ್ತು ಎಣಿಸಲಾಗದ ಬಟ್ಟೆ

ಕಾಫಿ ಸೀಮೆಯವರಾಗಿ ಗೋಣಿಯ ಮಾತಾಡದಿದ್ದರೆ ಹೇಗೆ? ಹಾಸನ, ಚಿಕ್ಕಮಗಳೂರು ಎರಡರಲ್ಲೂ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕೆಲಸವಿದೆ, ತೋಟದ ಮನೆಗಳಲ್ಲಿ ಖಾಲಿ ಚೀಲಕ್ಕೆ ಬರವಿಲ್ಲ. ಸೆಣಬಿನ ನೂಲು ದಪ್ಪ, ತೂತು ದೊಡ್ಡದು, ಎಣಿಸಲು ಸಲೀಸು. ಮಕ್ಕಳಿಗೆ ಕಲಿಸಲು ಇದಕ್ಕಿಂತ ಅಗ್ಗದ ಬಟ್ಟೆ ಇಲ್ಲ. ಆದರೆ ಇದರ ಗುಣವೇ ಬೇರೆ. ಸೆಣಬು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಹಳದಿ ತಿರುಗುತ್ತದೆ, ಹೊಸ ಚೀಲಕ್ಕೆ ಎಣ್ಣೆಯ ವಾಸನೆ ಇರುತ್ತದೆ. ಆದ್ದರಿಂದ ಮೇಲೆ ಹೇಳಿದ ಒಗೆಯುವ ಪರೀಕ್ಷೆ ಇದಕ್ಕೆ ಅನ್ವಯಿಸುವುದಿಲ್ಲ. ಎರಡು ಮೂರು ದಿನ ಗಾಳಿಗೆ ಹರಡಿ, ಕೊಡವಿ, ಬ್ರಷ್ ಹಾಕಿ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿದರೆ ಸಾಕು. ಹತ್ತಿಯ ದಾರದ ಆರೂ ಎಳೆ ಅಥವಾ ಉಣ್ಣೆಯ ದಾರ ಬಳಸಿ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ, ತೋರಣಕ್ಕೆ ಇದು ಚೆನ್ನ. ದಿಂಬಿಗೆ ಹಾಕಿದರೆ ತಲೆಯೆಲ್ಲ ನಾರು. ಇದರಲ್ಲೂ ಹಾಸು ಹೊಕ್ಕುಗಳ ಸಂಖ್ಯೆ ಸಮ ಇರದೆ ಹೋಗಬಹುದು, ಎಣಿಸಿಯೇ ಮುಂದುವರಿಯಿರಿ.

ರವಿಕೆ, ಕುರ್ತಾದಂಥ ಎಣಿಸಲಾಗದ ಬಟ್ಟೆಯ ಮೇಲೆ ಹೊಲಿಯಲೇಬೇಕೆಂದಿದ್ದರೆ ವೇಸ್ಟ್ ಕ್ಯಾನ್ವಾಸ್ ಎಂಬ ಗಂಜಿ ಹಾಕಿದ ಜಾಳು ಬಟ್ಟೆ ಇದೆ. ಅದನ್ನು ರವಿಕೆಯ ಮೇಲೆ ಟಾಕಿ ಹಾಕಿ ಕೂರಿಸಿ, ಎರಡನ್ನೂ ಸೇರಿಸಿ ಚೂಪು ಸೂಜಿಯಿಂದ ಹೊಲಿದು, ಕೊನೆಯಲ್ಲಿ ನೀರು ತಾಗಿಸಿ ಗಂಜಿ ಮೆತ್ತಗಾದ ಮೇಲೆ ಚಿಮಟದಿಂದ ಕ್ಯಾನ್ವಾಸಿನ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇಲ್ಲಿಯೂ ರವಿಕೆ ಬಟ್ಟೆಯ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳಿತು, ಏಕೆಂದರೆ ನೀರು ತಾಗಿಸದೆ ಈ ಕೆಲಸ ಮುಗಿಯುವುದಿಲ್ಲ.

ಪರೀಕ್ಷೆಯ ತುಂಡನ್ನು ಎಸೆಯಬೇಡಿ. ಬಟ್ಟೆಯ ಹೆಸರು, ಕೊಂಡ ತಿಂಗಳು, ಒಗೆದ ಮೇಲಿನ ಹಾಸು ಹೊಕ್ಕಿನ ಸಂಖ್ಯೆ, ಎಷ್ಟು ಕುಗ್ಗಿತು, ಎಷ್ಟು ಎಳೆ ಒಪ್ಪಿತು, ಯಾವ ಸೂಜಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಹೊಲಿದಿಡಿ. ಗುಂಡುಸೂಜಿ ಚುಚ್ಚಿಟ್ಟರೆ ನಮ್ಮ ಕಡೆಯ ತೇವಕ್ಕೆ ತುಕ್ಕು ಹಿಡಿದು ಕಲೆಯಾಗುತ್ತದೆ. ತುಂಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಡುವ ಬದಲು ಹಳೆಯ ಪಂಚೆಯಲ್ಲಿ ಸುರುಳಿ ಸುತ್ತಿಡಿ, ಮಳೆಗಾಲ ಕಳೆದು ಬಿಸಿಲು ಬಂದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಯಾಡಿಸಿ. ನನ್ನ ಸುರುಳಿಯಲ್ಲಿ ಈಗ ಹನ್ನೊಂದು ತುಂಡುಗಳಿವೆ. ಎಲ್ಲಕ್ಕಿಂತ ಒಳಗೆ ಇರುವುದು ಆ ಕಮಲದ ಬಟ್ಟೆಯಿಂದ ಮಿಕ್ಕ ಚೂರು; ಅದರ ಚೀಟಿಯಲ್ಲಿ ‘ಹಾಸು 26, ಹೊಕ್ಕು 22, ಅಂಚಿಗೆ ಮಾತ್ರ’ ಎಂದು ಬರೆದಿದ್ದೇನೆ.